ಚಿನ್ನಸ್ವಾಮಿಯ ದೋಸೆ, ಚೆಪಾಕಿನ ಇಡ್ಲಿ

(ಬೆಂಗಳೂರಿನ ಬಾಣಸಿಗರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

1934ರ ನವೆಂಬರ್ 4. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಅಂದು, ಮದ್ರಾಸಿನ ಚೆಪಾಕ್ ಮೈದಾನದಲ್ಲಿ. ಆಡಿದ್ದು ಮದ್ರಾಸ್ ಮತ್ತು ಮೈಸೂರು. ನಮ್ಮ ಮೈಸೂರಿನವರು ಮೊದಲ ಸರದಿಯಲ್ಲಿ 48, ಎರಡನೆಯದರಲ್ಲಿ 59 ರನ್ನಿಗೆ ಗಂಟುಮೂಟೆ ಕಟ್ಟಿದರು. ಎ.ಜಿ. ರಾಮ್‌ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಪಂದ್ಯ ಒಂದೇ ದಿನಕ್ಕೆ ಮುಗಿದುಹೋಯಿತು. ಹಾಗಾಗಿ ಬೆಂಗಳೂರು–ಚೆನ್ನೈ ಪೈಪೋಟಿ ಐಪಿಎಲ್‌ನಿಂದ ಹುಟ್ಟಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಐಪಿಎಲ್ ಬರುವುದಕ್ಕೆ ಮುಕ್ಕಾಲು ಶತಮಾನದಷ್ಟು ಮೊದಲೇ ಅದಕ್ಕೆ ನಾಂದಿಯಾಗಿತ್ತು.

ಆಮೇಲಿನದನ್ನು ನಿಮಗೆ ನಾನು ನೆನಪಿಸಬೇಕಾಗಿಲ್ಲ. 2011ರ ಐಪಿಎಲ್ ಫೈನಲ್‌ನಲ್ಲಿ ಅದೇ ಚೆಪಾಕಿನಲ್ಲಿ ಚೆನ್ನೈ ನಮ್ಮನ್ನು 58 ರನ್ನುಗಳಿಂದ ಸೋಲಿಸಿತು. 2015ರ ರಣಜಿ ಫೈನಲ್‌ನಲ್ಲಿ ಕರುಣ್ ನಾಯರ್ ತಮಿಳುನಾಡಿನ ಎದುರು 328 ರನ್ ಹೊಡೆದರು. 2021ರ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಫೈನಲ್‌ನಲ್ಲಿ ತಮಿಳುನಾಡಿನ ಆಟಗಾರ ಶಾರುಖ್ ಖಾನ್ ಕೊನೆಯ ಎಸೆತವನ್ನು ಸಿಕ್ಸರ್‌ಗೆ ಎತ್ತಿ, ನಮ್ಮ ಬಾಯಿಗೆ ಬಂದ ತುತ್ತನ್ನು ಕಸಿದುಕೊಂಡರು. 2025ರ ಮಾರ್ಚ್ 28ರಂದು ಬೆಂಗಳೂರು ತಂಡ ಚೆಪಾಕಿನಲ್ಲಿ 50 ರನ್ನುಗಳಿಂದ ಗೆದ್ದಿತಲ್ಲ, 2008ರ ನಂತರ ಅಲ್ಲಿ ಚೆನ್ನೈ ತಂಡದ ಎದುರು ಸಿಕ್ಕ ಮೊದಲ ಗೆಲುವು ಅದು. ಅಂದು ರಾತ್ರಿ ಪಂದ್ಯ ಮುಗಿಯುತ್ತಲೇ ಚೆನ್ನೈನಿಂದ ನನಗೊಂದು ಫೋನ್ ಬಂತು. ಅಲ್ಲಿನ ಹೋಟೆಲೊಂದರ ಅಡುಗೆಮನೆಯನ್ನು ನೋಡಿಕೊಳ್ಳುವ ನನ್ನ ಗೆಳೆಯರು. ಹೊಸೂರಿನ ಕಡೆಯವರು, ಕನ್ನಡ ಸಲೀಸಾಗಿ ಬರುತ್ತದೆ. ನನಗಿಂತ ಹಿರಿಯರಾದ್ದರಿಂದ ಅಣ್ಣ ಎಂದೇ ಕರೆಯುತ್ತೇನೆ. “ಪಂದ್ಯ ನೀವೇ ಇಟ್ಟುಕೊಳ್ಳಿ ತಮ್ಮಾ, ಇಡ್ಲಿಯ ಸುದ್ದಿಗೆ ಮಾತ್ರ ಬರಬೇಡಿ” ಎಂದರು.

ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಕೆಲಸ ಕಲಿತವರು. ಆಮೇಲೆ ಅವರು ಆ ಕಡೆ, ನಾನು ಈ ಕಡೆ. ಪಂದ್ಯವಿದ್ದ ದಿನವೆಲ್ಲ ನಮ್ಮ ನಡುವೆ ಯಾರ ಊರಿನ ತಿಂಡಿ ಮೇಲು ಎಂಬ ವಾದ ನಡೆಯುತ್ತದೆ. ಇವತ್ತಿನ ನನ್ನ ಮಾತು ಆ ವಾದದ ಮುಂದುವರಿಕೆ. ಅವರು ಇಲ್ಲಿಲ್ಲ, ಆದರೆ ಅವರ ಪಕ್ಷವನ್ನೂ ನಾನು ನ್ಯಾಯವಾಗಿ ಹೇಳುತ್ತೇನೆ.

ಮೊದಲು ಎರಡು ಅಂಕಿ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು 263 ರನ್ ಗಳಿಸಿತು. ಕ್ರಿಸ್ ಗೇಲ್ ಒಬ್ಬರದೇ ಅಜೇಯ 175. 2019ರ ಮಾರ್ಚ್ 23ರಂದು ಚೆಪಾಕಿನಲ್ಲಿ ಅದೇ ಬೆಂಗಳೂರು 70 ರನ್ನಿಗೆ ಆಲೌಟ್ ಆಯಿತು. ಆಟಗಾರರ ಏಳುಬೀಳು ಇದ್ದೇ ಇರುತ್ತದೆ, ಆದರೆ ನೆಲ ಮತ್ತು ಗಾಳಿಯ ಪಾಲು ಇದರಲ್ಲಿ ಸಣ್ಣದಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಮೈದಾನ ಚಿಕ್ಕದು, ಎತ್ತಿ ಹೊಡೆದ ಚೆಂಡು ಗ್ಯಾಲರಿ ಸೇರುತ್ತದೆ. ಚೆಪಾಕ್ ಕಡಲಿನ ಮಗ್ಗುಲಲ್ಲೇ ಇದೆ. ಬಿಸಿಲಿಗೆ ಒಣಗಿದ ಪಿಚ್‌ನಲ್ಲಿ ಚೆಂಡು ನಿಧಾನಿಸುತ್ತದೆ, ತಿರುಗುತ್ತದೆ.

ಅಡುಗೆಯವನಿಗೂ ಈ 920 ಮೀಟರಿನ ಲೆಕ್ಕ ತಪ್ಪಿದ್ದಲ್ಲ. ಚೆನ್ನೈನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿ ಬಂದುಬಿಡುತ್ತದೆ. ಮೂರು ಡಿಗ್ರಿಯಲ್ಲಿ ಏನು ಮಹಾ ಎನ್ನಬೇಡಿ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಇಟ್ಟವರಿಗೆ ಅದರ ಮಹಿಮೆ ಗೊತ್ತು. ಅಲ್ಲಿ ಕರಗಿ ಬೆಣ್ಣೆಯಾಗುವ ಹೊತ್ತಿಗೆ ಇಲ್ಲಿ ಬೇಳೆ ಇನ್ನೂ ಬೆರಳಿಗೆ ಗಟ್ಟಿ ಸಿಗುತ್ತಿರುತ್ತದೆ. ಇಡ್ಲಿ ಬೇಯಿಸುವ ಹಬೆಯೂ ಅಷ್ಟರಮಟ್ಟಿಗೆ ತಣ್ಣಗಿರುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ರಾತ್ರಿಯದು. ಚೆನ್ನೈನ ಮೇ ತಿಂಗಳ ರಾತ್ರಿಯಲ್ಲಿ ರುಬ್ಬಿಟ್ಟ ಹಿಟ್ಟು ಆರು ಗಂಟೆಯೊಳಗೆ ಪಾತ್ರೆಯ ಅಂಚಿಗೆ ಬರುತ್ತದೆ, ಇನ್ನೆರಡು ಗಂಟೆ ಮೈಮರೆತರೆ ಹುಳಿ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಹನ್ನೆರಡು ಗಂಟೆ ಕಳೆದರೂ ಹಿಟ್ಟು ಇಟ್ಟಲ್ಲೇ ಇರುತ್ತದೆ. ಉದ್ದು ಮತ್ತು ಅಕ್ಕಿಯ ಮೇಲೆ ಸಹಜವಾಗಿಯೇ ಇರುವ ಸೂಕ್ಷ್ಮಜೀವಿಗಳು ಹಿಟ್ಟಿನಲ್ಲಿ ಬೆಳೆದು ಅನಿಲ ಬಿಡುತ್ತವೆ, ಉದ್ದಿನ ಲೋಳೆ ಆ ಅನಿಲವನ್ನು ಹಿಡಿದಿಡುತ್ತದೆ, ಹಿಟ್ಟು ಉಬ್ಬುತ್ತದೆ. ಆ ಜೀವಿಗಳಿಗೆ ಬೆಚ್ಚಗೆ ಬೇಕು. ಹೀಗಾಗಿ ಚೆನ್ನೈನ ಅಡುಗೆಯವರಿಗೆ ಹಿಟ್ಟು ಹುಳಿಯಾದೀತೆಂಬ ಭಯ, ನಮಗೆ ಹಿಟ್ಟು ಏಳದೆ ಉಳಿದೀತೆಂಬ ಭಯ. ಅವರು ರುಬ್ಬುವಾಗಲೇ ಉಪ್ಪು ಹಾಕುತ್ತಾರೆ, ತಣ್ಣೀರು ಬಳಸುತ್ತಾರೆ. ನಾವು ಮೆಂತ್ಯ ಹಾಕುತ್ತೇವೆ, ಅವಲಕ್ಕಿ ಸೇರಿಸುತ್ತೇವೆ, ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕ ತಂದಿಡುತ್ತೇವೆ, ಉಪ್ಪನ್ನು ಬೆಳಿಗ್ಗೆಗೆ ಉಳಿಸಿಕೊಳ್ಳುವವರೂ ಇದ್ದಾರೆ. ನನ್ನ ಪಾಲಿಗೆ ಈ ಎರಡು ಊರುಗಳ ತಿಂಡಿ ಬೇರೆಯಾದದ್ದು ಇಲ್ಲಿಂದಲೇ. ಮೂಲಪಾಠ ಒಂದೇ, ಒಬ್ಬರಿಂದ ಒಬ್ಬರು ಕಲಿತದ್ದು. ರಾತ್ರಿಯ ಹವೆ ಅದನ್ನು ಎರಡು ದಾರಿ ಹಿಡಿಸಿತು.

ದೋಸೆಯನ್ನೇ ನೋಡಿ. ನಮ್ಮ ಅಡುಗೆಮನೆಯ ಅಳತೆ ಇದು: ನಾಲ್ಕು ಪಾವು ದೋಸೆ ಅಕ್ಕಿ, ಒಂದು ಪಾವು ಉದ್ದಿನಬೇಳೆ, ಒಂದು ಹಿಡಿ ಕಡಲೆಬೇಳೆ, ಎರಡು ಹಿಡಿ ಅವಲಕ್ಕಿ, ಒಂದು ಚಮಚ ಮೆಂತ್ಯ. ಹವೆ ಸಹಕರಿಸದ ಊರಿನಲ್ಲಿ ಹಿಟ್ಟನ್ನು ಹಗುರ ಮಾಡಲು ಸೇರಿದ ಅವಲಕ್ಕಿ, ಕಡಲೆಬೇಳೆಗಳೇ ಕಾವಲಿಯ ಮೇಲೆ ಆ ಕೆಂಬಣ್ಣ ತರುತ್ತವೆ. ದೋಸೆ ಭಟ್ಟರ ಕೈ ನೋಡಿದ್ದೀರಾ? ಕಾದ ಕಾವಲಿಗೆ ಒಂದು ಬೊಗಸೆ ನೀರು ಚಿಮುಕಿಸುತ್ತಾರೆ. ಕಾವು ಅತಿಯಾಗಿದ್ದರೆ ನೀರು ಮಣಿಮಣಿಯಾಗಿ ಓಡುತ್ತದೆ, ಹಿಟ್ಟು ಅಂಟುವುದಿಲ್ಲ. ಭುಸ್ಸೆಂದು ಹರಡಿ ಆರಿದರೆ ಹದ. ಕಡ್ಡಿಪೊರಕೆಯಿಂದ ಒಮ್ಮೆ ಗುಡಿಸಿ, ಸಾಲಾಗಿ ಸೌಟು ಸೌಟು ಹಿಟ್ಟು ಸುರಿದು, ಸೌಟಿನ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾರೆ. ನಡುವೆ ತುಸು ದಪ್ಪ ಬಿಡುತ್ತಾರೆ. ಮೇಲೆ ಸಣ್ಣ ಸಣ್ಣ ತೂತು ಬಿದ್ದು ಹಸಿ ಆರಿದ ಮೇಲೆ ಬೆಣ್ಣೆಯೋ ತುಪ್ಪವೋ. ಒಂದೇ ಮಗ್ಗುಲು ಬೇಯುತ್ತದೆ. ಹೊರಗೆ ಗರಿ, ಒಳಗೆ ಮೆತ್ತಗೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ 1943ರಿಂದ ಈ ಕೆಲಸ ನಡೆದುಬಂದಿದೆ. ಅಲ್ಲಿನ ಮಾಣಿಗಳು ಮಣಿಕಟ್ಟಿನಿಂದ ತೋಳಿನವರೆಗೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೀವೆಲ್ಲ ಕಂಡಿದ್ದೀರಿ. ಮಲ್ಲೇಶ್ವರದ ಸಿ.ಟಿ.ಆರ್.ನ ಬೆಣ್ಣೆ ಮಸಾಲೆಯ ಬಗ್ಗೆ ನಾನು ಹೇಳಲು ಹೊರಟರೆ ಗಂಟೆ ಮುಗಿಯುತ್ತದೆ.

ಅಣ್ಣ ಒಂದು ಚಳಿಗಾಲದಲ್ಲಿ ಇಲ್ಲಿಗೆ ಬಂದಾಗ ನಮ್ಮ ಕಾವಲಿಯ ಮುಂದೆ ನಿಂತರು. ಅವರ ಕೈ ಚೆನ್ನೈನ ರೋಸ್ಟ್ ದೋಸೆಗೆ ಪಳಗಿದ ಕೈ. ಹಿಟ್ಟು ಸುರಿದವರೇ ಕಾಗದದಷ್ಟು ತೆಳ್ಳಗೆ ಎಳೆಯಲು ಹೋದರು. ಎರಡು ಸುತ್ತಿಗೆ ಹಿಟ್ಟು ಹರಿಯಿತು. ಅವರ ಊರಿನ ಹಿಟ್ಟಿನಲ್ಲಿ ಕುಸುಬಲಕ್ಕಿ ಇರುತ್ತದೆ, ಅದು ನುಣ್ಣಗೆ ಅರೆಯುತ್ತದೆ, ಎಳೆದಷ್ಟೂ ಬರುತ್ತದೆ. ನಮ್ಮದು ಹಾಗೆ ಬರುವುದಿಲ್ಲ. ಸೌಟು ಕೆಳಗಿಟ್ಟು, ನಮ್ಮ ಭಟ್ಟರು ಹೊಯ್ದ ದೋಸೆಯ ನಡುಭಾಗವನ್ನು ಮುರಿದು ಬಾಯಿಗಿಟ್ಟು, “ಅಳತೆ ಬರೆದುಕೊಡಿ” ಎಂದರು. ಚೆನ್ನೈನ ತುಪ್ಪದ ರೋಸ್ಟ್ ಚೆನ್ನಾಗಿರುತ್ತದೆ, ಎಳ್ಳೆಣ್ಣೆಯಲ್ಲಿ ಕಲಸಿದ ಪುಡಿ ಹಚ್ಚಿದ ದೋಸೆಯೂ ನನಗಿಷ್ಟ. ಆದರೂ ದೋಸೆಯ ಮಟ್ಟಿಗೆ ಬೆಂಗಳೂರೇ ಮುಂದು ಎಂದು ಒಪ್ಪಿಕೊಳ್ಳಲು ಅಣ್ಣನೂ ತಯಾರಿದ್ದಾರೆ.

ಇಡ್ಲಿಯಲ್ಲಿ ಆ ಮಾತು ನಡೆಯುವುದಿಲ್ಲ. ನಮ್ಮಲ್ಲಿ ಬಹುಪಾಲು ಕಡೆ ಅಕ್ಕಿಯ ರವೆ ಬಳಸುತ್ತೇವೆ, ಒಂದು ಅಳತೆ ಉದ್ದಿಗೆ ಎರಡು ಅಳತೆ ರವೆ. ಇಡ್ಲಿ ತರಿತರಿಯಾಗಿ, ಗಟ್ಟಿಮುಟ್ಟಾಗಿ ಬರುತ್ತದೆ. ಚೆನ್ನೈನವರು ಇಡಿಯ ಇಡ್ಲಿ ಅಕ್ಕಿಯನ್ನು ನೆನೆಸಿ ರುಬ್ಬುತ್ತಾರೆ, ಒಂದಕ್ಕೆ ನಾಲ್ಕು. ಉದ್ದು ಕಡಿಮೆ ಹಾಕಿಯೂ ಮೆತ್ತಗಾಗುತ್ತದೆ, ಏಕೆಂದರೆ ಅವರ ರಾತ್ರಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಅಣ್ಣ ತಮ್ಮ ಅಳತೆಯನ್ನು ಇಲ್ಲಿ ಮಾಡಿ ತೋರಿಸಿದಾಗ ಮೊದಲ ದಿನದ ಇಡ್ಲಿ ಚಪ್ಪಟೆಯಾಗಿ ಕೂತಿತು. ಮರುದಿನ ಹಿಟ್ಟಿನ ಪಾತ್ರೆಯನ್ನು ಬಾಯ್ಲರ್ ಪಕ್ಕ, ಗೋಣಿಚೀಲ ಸುತ್ತಿ ಇಟ್ಟೆವು. ಆಗ ಬಂದದ್ದು ನಿಜವಾದ ಮದ್ರಾಸಿನ ಇಡ್ಲಿ. ಬೆರಳಿಟ್ಟರೆ ಒಳಕ್ಕೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ಇಲ್ಲೊಂದು ಮಾತು ಸೇರಿಸಬೇಕು. ನಮ್ಮ ದೋಸೆ ಹಿಟ್ಟು, ಅವರ ಇಡ್ಲಿ ಹಿಟ್ಟು ಎರಡನ್ನೂ ಅರೆಯುವ ಗ್ರೈಂಡರ್ ಬರುವುದು ಕೊಯಮತ್ತೂರಿನಿಂದ. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಯಂತ್ರ ಅದು. ಆ ಕಲ್ಲು ನಿಂತರೆ ಬೆಂಗಳೂರಿನ ಅರ್ಧ ದರ್ಶಿನಿಗಳು ಬೆಳಿಗ್ಗೆ ಬಾಗಿಲು ತೆರೆಯಲಾರವು.

ಇಡ್ಲಿಯ ಜೊತೆಗಿನ ಸಾಂಬಾರಿಗೆ ಬಂದರೆ ಅಂತರ ಇನ್ನೂ ಹೆಚ್ಚು. ಚೆಪಾಕಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ ತಿರುವಲ್ಲಿಕೇಣಿಯ ರತ್ನಾ ಕೆಫೆ ಇದೆ, 1948ರದು. ಅಲ್ಲಿ ಇಡ್ಲಿಯ ತಟ್ಟೆ ಮೇಜಿಗೆ ಬಂದ ಮೇಲೆ ಮಾಣಿ ಜಗ್ ಹಿಡಿದು ಬಂದು ಇಡ್ಲಿ ಮುಳುಗುವಷ್ಟು ಸಾಂಬಾರ್ ಸುರಿಯುತ್ತಾನೆ. ಚೆನ್ನೈನ ತಿಂಡಿ ಸಾಂಬಾರಿನಲ್ಲಿ ತೊಗರಿಯ ಜೊತೆ ಹೆಸರುಬೇಳೆ, ಸಾಂಬಾರ್ ಈರುಳ್ಳಿ, ಕುಂಬಳಕಾಯಿ, ಮೂಗಿಗೆ ಬಡಿಯುವ ಇಂಗು ಇರುತ್ತವೆ. ಸಿಹಿ ಇರುವುದಿಲ್ಲ. ನಮ್ಮ ಹೋಟೆಲ್ ಸಾಂಬಾರಿನಲ್ಲಿ ಬ್ಯಾಡಗಿ ಮೆಣಸಿನ ಬಣ್ಣ, ತೆಂಗಿನಕಾಯಿ, ಚಕ್ಕೆ, ಒಂದು ಚೂರು ಬೆಲ್ಲ. ಬ್ಯಾಡಗಿಯಲ್ಲಿ ಕೆಂಪು ಹೆಚ್ಚು, ಖಾರ ಕಡಿಮೆ. ಅವರ ರಾಮನಾಥಪುರದ ಗುಂಡು ಮೆಣಸು ಬೇರೆಯೇ ಜಾತಿ. ಬೆಲ್ಲ ಹಾಕುತ್ತೀರಿ ಎಂದು ಅಲ್ಲಿಯವರು ನಮ್ಮನ್ನು ಹಂಗಿಸುತ್ತಾರೆ. ಮಂಡ್ಯದ ಕಬ್ಬಿಗೂ ತಂಜಾವೂರಿನ ಭತ್ತಕ್ಕೂ ಒಂದೇ ಹೊಳೆಯ ನೀರು, ನಮ್ಮ ಪಾಲಿಗೆ ಬೆಲ್ಲವಾಯಿತು ಎಂದು ನಾನು ಅಣ್ಣನಿಗೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಇಡ್ಲಿಯ ಘನತೆ ಕಾಪಾಡಿದವರು ಸಾಂಬಾರನ್ನೇ ಬದಿಗಿಟ್ಟವರು ಎಂಬುದು ನನ್ನ ಅಭಿಪ್ರಾಯ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಸಿಗುತ್ತದೆ, ಸಾಂಬಾರ್ ಸಿಗುವುದಿಲ್ಲ. ಬರೀ ಚಟ್ನಿ. ಆ ಚಟ್ನಿಗಾಗಿ ಜನ ಬೀದಿಯಲ್ಲಿ ನಿಂತು ತಿನ್ನುತ್ತಾರೆ. ಇಡ್ಲಿ–ಸಾಂಬಾರ್ ಜೋಡಿಯನ್ನು ಮಾತ್ರ ನಾನು ಚೆನ್ನೈಗೆ ಬಿಟ್ಟುಕೊಡುತ್ತೇನೆ.

ಬಿಟ್ಟುಕೊಟ್ಟ ಮೇಲೆ ಒಂದು ಸಂಗತಿಯನ್ನು ಅಣ್ಣನಿಗೆ ನೆನಪಿಸದೆ ಬಿಡುವುದಿಲ್ಲ. ಮದ್ರಾಸಿಗೆ ಹೋಟೆಲ್ ತಿಂಡಿಯ ಶಿಸ್ತು ಕಲಿಸಿದವರಲ್ಲಿ ಮುಂದಿನ ಸಾಲಿನವರು ನಮ್ಮ ಕರಾವಳಿಯವರು. ಅವಿಭಜಿತ ದಕ್ಷಿಣ ಕನ್ನಡದ ಕಡಂದಲೆಯ ಕೃಷ್ಣರಾಯರು ಬರಿಗೈಯಲ್ಲಿ ಮದ್ರಾಸಿಗೆ ಹೋಗಿ, ಅಡುಗೆಮನೆಗಳಲ್ಲಿ ದುಡಿದು, ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ್ ನಡೆಸಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯಲ್ಲಿ ಬಂದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್‌ನಲ್ಲಿ ಚೆನ್ನೈನ ಎರಡು ಮೂರು ತಲೆಮಾರು ಕಾರಿನಲ್ಲಿ ಕೂತು ದೋಸೆ ತಿಂದಿತು. 2008ರಲ್ಲಿ ಅದು ಮುಚ್ಚಿತು, ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಮುಚ್ಚಿದಾಗ ಅತ್ತವರು ತಮಿಳರು. ಅದೇ ಕರಾವಳಿಯ ಕೋಟದ ಕಡೆಯಿಂದ ಬೆಂಗಳೂರಿಗೆ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗ್ ಬಳಿ ಇಟ್ಟ ಹೋಟೆಲೇ ಇವತ್ತಿನ ಎಂ.ಟಿ.ಆರ್. ಅಂದರೆ ಎರಡೂ ಊರುಗಳ ಹೆಸರಾಂತ ಹೋಟೆಲುಗಳ ಬೇರು ಹುಡುಕುತ್ತಾ ಹೋದರೆ ಉಡುಪಿಯ ಸುತ್ತಮುತ್ತಲ ಹತ್ತಾರು ಹಳ್ಳಿಗಳಿಗೆ ಬಂದು ನಿಲ್ಲುತ್ತೀರಿ.

ಆ ಕಡೆಯಿಂದ ಈ ಕಡೆಗೂ ಹೀಗೆಯೇ ಬಂದಿದೆ. 1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಾಗ ಅದರ ಬೆನ್ನಿಗೆ ಮದ್ರಾಸ್ ಸೀಮೆಯ ಸಿಪಾಯಿಗಳು, ಗುತ್ತಿಗೆದಾರರು, ಅಡುಗೆಯವರು, ತರಕಾರಿ ಮಾರುವವರು ಬಂದರು. 1864ರಲ್ಲಿ ಜೋಲಾರ್‌ಪೇಟೆಯಿಂದ ದಂಡು ಪ್ರದೇಶಕ್ಕೆ ರೈಲು ಬಂತು. ಹಲಸೂರು, ಶಿವಾಜಿನಗರದ ಓಣಿಗಳಲ್ಲಿ ಸಿಗುವ ಕುಷ್ಕ, ಪೊಂಗಲ್, ಪಣಿಯಾರಂ ನಿನ್ನೆ ಮೊನ್ನೆ ಬಂದವಲ್ಲ. ಚಿನ್ನಸ್ವಾಮಿ ಕ್ರೀಡಾಂಗಣ ನಿಂತಿರುವುದೂ ಹಳೆಯ ಪೇಟೆ ಮತ್ತು ದಂಡು ಸೇರುವ ಆ ಗಡಿಯ ಬಳಿಯೇ. ಚೆನ್ನೈ ತಂಡದ ಹಳದಿ ಅಂಗಿ ತೊಟ್ಟು ಅಲ್ಲಿಗೆ ಬರುವವರಲ್ಲಿ ಎಷ್ಟೋ ಜನ ನಾಲ್ಕಾರು ತಲೆಮಾರಿನಿಂದ ಬೆಂಗಳೂರಿಗರು.

ಈಗ ರಾಗಿ. ಇಡ್ಲಿ, ದೋಸೆಗಿಂತ ರಾಗಿಯೇ ಈ ಎರಡು ಊರುಗಳ ಗುಣವನ್ನು ಚೆನ್ನಾಗಿ ತೋರಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ನಾವು ಅದನ್ನು ಬಿಸಿಯಾಗಿ ಉಣ್ಣುತ್ತೇವೆ. ಕುದಿಯುವ ಎಸರಿಗೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೈಯಾಡಿಸದೆ ಬಿಟ್ಟು, ನಡುವೆ ಕೋಲಿನಿಂದ ತೂತು ಮಾಡಿ, ಹಿಟ್ಟಿನ ಒಳಗೆಲ್ಲ ಕುದಿ ಹಾದ ಮೇಲೆ ಎರಡು ಪಾದಗಳ ನಡುವೆ ಪಾತ್ರೆ ಒತ್ತಿ ಹಿಡಿದು ತಿರುವಬೇಕು. ಗಂಟಾದರೆ ಆ ಮುದ್ದೆಯನ್ನು ಯಾರೂ ಮುಟ್ಟುವುದಿಲ್ಲ. ಬೆಂಗಳೂರಿನ ಮಿಲಿಟರಿ ಹೋಟೆಲುಗಳಲ್ಲಿ ಇವತ್ತಿಗೂ ಬೆಳಗಿನ ಜಾವದಲ್ಲಿ ಮುದ್ದೆ ತಿರುವುವ ಗಂಡಸರ ಭುಜ ನೋಡಿದರೆ ಆ ಕೆಲಸದ ಕಷ್ಟ ತಿಳಿಯುತ್ತದೆ. ಚೆನ್ನೈನ ಬೀದಿಯಲ್ಲಿ ಅದೇ ರಾಗಿ ಕೂಳ್ ಆಗುತ್ತದೆ. ಹಿಟ್ಟನ್ನು ಹುಳಿ ಬರಿಸಿ, ನುಚ್ಚಿನ ಜೊತೆ ಬೇಯಿಸಿ, ಆರಿದ ಮೇಲೆ ಮಜ್ಜಿಗೆಯಲ್ಲಿ ಕದಡಿ, ಹಸಿ ಈರುಳ್ಳಿ, ಬಾಳಕದ ಮೆಣಸಿನಕಾಯಿ, ಬೇಕಾದವರಿಗೆ ಒಣಮೀನು ಕೊಡುತ್ತಾರೆ. ತಮಿಳರ ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಗಳ ಮುಂದೆ ದೊಡ್ಡ ಹಂಡೆಗಳಲ್ಲಿ ಕಾಯಿಸಿ ಬಂದವರಿಗೆಲ್ಲ ಹಂಚುತ್ತಾರೆ. ಬಿಸಿಲಿನಲ್ಲಿ ಗಾಡಿ ಎಳೆಯುವವನಿಗೆ ಒಂದು ಚೊಂಬು ಕೂಳ್ ಕೊಡುವ ತಂಪು ಬೇರೆ ಯಾವುದರಲ್ಲೂ ಇಲ್ಲ. ಒಂದೇ ಧಾನ್ಯ, ಇಲ್ಲಿ ಮೈ ಬೆಚ್ಚಗೆ ಮಾಡಲು, ಅಲ್ಲಿ ತಣ್ಣಗೆ ಮಾಡಲು.

ಸ್ವಲ್ಪ ದಾರಿ ತಪ್ಪಿ ಬರ್ಮಾಕ್ಕೆ ಹೋಗಿಬರುತ್ತೇನೆ. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಗೆ ಬರ ಬಂದ ಆ ಯುದ್ಧಕಾಲದಲ್ಲಿ ಗೋಧಿ ರವೆಯಿಂದ ಇಡ್ಲಿ ಮಾಡಿ ನೋಡಿದ್ದು ತಾವೇ ಎಂದು ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. ಮೊಸರು, ಸಾಸಿವೆ, ಗೋಡಂಬಿ ಹಾಕಿದ ರವೆ ಇಡ್ಲಿ ಹಾಗೆ ಬಂತು. ಅದಾಗಿ ಇಪ್ಪತ್ತು ವರ್ಷದ ಮೇಲೆ, 1962ರಲ್ಲಿ ಬರ್ಮಾದಲ್ಲಿ ಸೇನೆ ಅಧಿಕಾರ ಹಿಡಿಯಿತು. ಅಲ್ಲಿ ನೆಲೆಸಿದ್ದ ತಮಿಳರು ಮನೆಮಠ ಬಿಟ್ಟು ಹಡಗು ಹತ್ತಿ ಮದ್ರಾಸಿಗೆ ಬಂದಿಳಿದರು. ಬಂದರಿನ ಬಳಿಯ ಬರ್ಮಾ ಬಜಾರ್ ಅವರದು. ಸಂಜೆ ಅಲ್ಲಿ ತಳ್ಳುಗಾಡಿಗಳಲ್ಲಿ ಸಿಗುವ ಅಥೋವನ್ನು ತಿಂದಿದ್ದೀರಾ? ಕಿತ್ತಳೆ ಬಣ್ಣದ ದಪ್ಪ ನೂಡಲ್ಸ್‌ಗೆ ಎಲೆಕೋಸು, ಕರಿದ ಈರುಳ್ಳಿ, ಹುಣಸೆರಸ, ಮೆಣಸಿನಪುಡಿ ಹಾಕಿ ಕೈಯಲ್ಲೇ ಕಲಸಿ ಕೊಡುತ್ತಾರೆ, ಜೊತೆಗೆ ಬಾಳೆದಿಂಡಿನ ಬಿಸಿ ಸೂಪು. ಬರ್ಮಾ ಮುಚ್ಚಿದ್ದರಿಂದ ಬೆಂಗಳೂರಿಗೆ ಒಂದು ತಿಂಡಿ ಸಿಕ್ಕಿತು, ಬರ್ಮಾ ಹೊರದೂಡಿದ್ದರಿಂದ ಚೆನ್ನೈಗೆ ಇನ್ನೊಂದು ಸಿಕ್ಕಿತು. ಹಸಿವು ಮತ್ತು ವಲಸೆಯನ್ನು ಬಿಟ್ಟು ತಿಂಡಿಯ ಚರಿತ್ರೆ ಬರೆಯಲು ಆಗುವುದಿಲ್ಲ.

ಮಾಂಸ, ಮೀನಿನ ವಿಷಯ. ಮೀನಿನಲ್ಲಿ ಹೋಲಿಕೆಯೇ ಸಲ್ಲದು. ಕಾಸಿಮೇಡಿನ ಬಂದರಿನಲ್ಲಿ ಬೆಳಗಿನ ಜಾವ ಇಳಿದ ಅಂಜಲ್ ಮಧ್ಯಾಹ್ನದೊಳಗೆ ಹುಣಸೆ ಹುಳಿಯ ಸಾರಿನಲ್ಲಿರುತ್ತದೆ. ನಮಗೆ ಮೀನು ಬರುವುದು ಮಂಗಳೂರು, ಚೆನ್ನೈಗಳಿಂದ ಮಂಜುಗಡ್ಡೆಯಲ್ಲಿ, ರಾತ್ರಿಯಿಡೀ ಲಾರಿಯಲ್ಲಿ. ಚೆನ್ನೈಗೆ ಬು‌ಹಾರಿ ಹೋಟೆಲಿನ ಚಿಕನ್ 65 ಇದೆ. ನಮಗೆ ಬೋಟಿ, ಕಾಲು ಸೂಪು, ಕೈಮ ಉಂಡೆ, ಹಿಚುಕಿದ ಅವರೆಕಾಳು ಹಾಕಿದ ಮಟನ್ ಸಾರು ಇವೆ. ಡಿಸೆಂಬರ್, ಜನವರಿಯಲ್ಲಿ ಅವರೆಯ ಸೊಗಡು ಹರಡಿದ ಬೆಂಗಳೂರಿಗೆ ಸಾಟಿಯಾದ ಊರನ್ನು ನಾನು ಕಂಡಿಲ್ಲ. ಆ ಸೊಗಡು ಚಳಿ, ಇಬ್ಬನಿಯಿಂದ ಬರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚೆನ್ನೈಗೆ ಅದು ಎಲ್ಲಿಂದ ಬರಬೇಕು?

ಬಿರಿಯಾನಿಯಲ್ಲಿ ಮಾತ್ರ ಅಣ್ಣನೂ ನಾನೂ ಒಂದೇ ಪಕ್ಷ. ನಮ್ಮ ದೊನ್ನೆ ಬಿರಿಯಾನಿಗೂ ಅವರ ಆಂಬೂರು, ದಿಂಡಿಗಲ್ ಬಿರಿಯಾನಿಗೂ ಬೇಕಾದದ್ದು ಜೀರಿಗೆ ಸಾಂಬಾ ಅಕ್ಕಿ. ಜೀರಿಗೆಯಂತೆ ಪುಟ್ಟದಾದ, ಮಸಾಲೆ ಕುಡಿಯುವ ಅಕ್ಕಿ. ಬಾಸ್ಮತಿ ಉದ್ದಕ್ಕೆ ನಿಂತು ತನ್ನ ಪರಿಮಳ ತೋರಿಸುತ್ತದೆ, ಇದು ಮಾಂಸದ ರಸವನ್ನು ಎಳೆದುಕೊಳ್ಳುತ್ತದೆ. ನಾವು ಕೊತ್ತಂಬರಿ, ಪುದೀನ ಅರೆದು ಹಸಿರು ಮಾಡುತ್ತೇವೆ. ಆಂಬೂರಿನವರು ಒಣಮೆಣಸು ನೆನೆಸಿ ಅರೆದು ಕೆಂಪು ಮಾಡುತ್ತಾರೆ, ಬದಿಗೆ ಬದನೆಕಾಯಿ ಗೊಜ್ಜು ಕೊಡುತ್ತಾರೆ. ಆಂಬೂರು ಇರುವುದು ಬೆಂಗಳೂರು–ಚೆನ್ನೈ ಹೆದ್ದಾರಿಯ ನಡುದಾರಿಯಲ್ಲಿ. ಪಂದ್ಯಕ್ಕೆ ಕಾರಿನಲ್ಲಿ ಹೋಗುವ ಎರಡೂ ಕಡೆಯ ಅಭಿಮಾನಿಗಳು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.

ಕಾಫಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಆದರೆ ಮೈಲಾಪುರದ ಮನೆಗಳಲ್ಲಿ ಎರಡನೆಯ ಡಿಕಾಕ್ಷನ್ ಇಳಿಸುವುದನ್ನು ಅವಮಾನವೆಂದು ಭಾವಿಸುತ್ತಾರೆ. ನಮ್ಮ ಎಷ್ಟೋ ಹೋಟೆಲುಗಳಲ್ಲಿ ಇಳಿಸುತ್ತಾರೆ. ಚಿಕೋರಿ ಶೇ 49ರವರೆಗೆ ಬೆರೆಸಲು ಕಾನೂನು ಬಿಡುತ್ತದೆ ಎಂದು ಅಷ್ಟನ್ನೂ ಬೆರೆಸುವುದು ತೋಟದ ಮಾಲೀಕನಿಗೂ ಕೂಲಿಗೂ ಮಾಡುವ ಅನ್ಯಾಯ. ಬೆಳೆಯುವವರು ನಾವು, ಕುಡಿಯುವುದನ್ನು ಅವರಿಂದ ಕಲಿಯಬೇಕು.

ಈ ಹೋಲಿಕೆಯಲ್ಲಿ ನನ್ನನ್ನು ನಿಜವಾಗಿ ಕಾಡುವುದು ಬೇರೆ. ಎರಡೂ ಊರುಗಳಲ್ಲಿ ಹಿಟ್ಟು ಈಗ ಪ್ಯಾಕೆಟ್ಟಿನಲ್ಲಿ ಬರುತ್ತಿದೆ. ಮನೆಯವರ ಕಷ್ಟ ನನಗೆ ಗೊತ್ತು, ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಉದ್ದು ನೆನೆಸು ಎಂದು ಯಾರಿಗೆ ಹೇಳಲಿ? ಆದರೆ ಹೋಟೆಲುಗಳೂ ಆ ದಾರಿ ಹಿಡಿದಿವೆ. ಪ್ಯಾಕೆಟ್ ಹಿಟ್ಟನ್ನು ನಾಲ್ಕಾರು ದಿನ ತಣ್ಣಗೆ ಇಡಲು ಮಾಡಿರುತ್ತಾರೆ. ಅದಕ್ಕೆ ಚೆನ್ನೈನ ಸೆಕೆಯೂ ಗೊತ್ತಿಲ್ಲ, ಬೆಂಗಳೂರಿನ ಚಳಿಯೂ ಗೊತ್ತಿಲ್ಲ. ಎರಡು ಊರುಗಳಲ್ಲೂ ಒಂದೇ ಬಿಳಿ ಬಣ್ಣದ, ಒಂದೇ ಹುಳಿಯ ದೋಸೆ ಸಿಗತೊಡಗಿದರೆ ಅಣ್ಣನೂ ನಾನೂ ಯಾವುದರ ಬಗ್ಗೆ ಜಗಳವಾಡಬೇಕು? ನಮ್ಮ ದೋಸೆ ಭಟ್ಟರ ಮಗ ಈ ಕೆಲಸಕ್ಕೆ ಬರುವುದಿಲ್ಲ ಎಂದಿದ್ದಾನೆ. ಎಂಟು ಗಂಟೆ ಬೆಂಕಿಯ ಮುಂದೆ ನಿಲ್ಲುವವನಿಗೆ ಸಿಗುವ ಸಂಬಳ ನೋಡಿದರೆ ಅವನ ಮಾತು ಸರಿಯೇ. ತಿಂಡಿಗೆ ಹತ್ತು ರೂಪಾಯಿ ಹೆಚ್ಚಾದರೆ ಗೊಣಗುವ ನಾವು, ಆ ಹತ್ತು ರೂಪಾಯಿ ಕಾವಲಿಯ ಮುಂದಿನವನಿಗೆ ಸೇರುತ್ತದೆಯೇ ಎಂದು ಗಲ್ಲಾದಲ್ಲಿ ಕೂತವರನ್ನು ಕೇಳಬೇಕು. ನಾನೂ ಅಡುಗೆಮನೆ ನಡೆಸುವವನೇ, ನನ್ನನ್ನೂ ಕೇಳಿ.

ಸಭಿಕರೊಬ್ಬರು ಚೀಟಿ ಕಳಿಸಿದ್ದಾರೆ: ಪಂದ್ಯ ನೋಡಲು ಹೋದರೆ ಯಾವ ಊರಿನಲ್ಲಿ ಏನು ತಿನ್ನಬೇಕು ಎಂದು. ಚೆಪಾಕಿಗೆ ಹೋಗುವವರು ಬೆಳಿಗ್ಗೆ ಮೈಲಾಪುರದಲ್ಲಿ ಪೊಂಗಲ್–ವಡೆ ತಿನ್ನಿ, ಮಧ್ಯಾಹ್ನ ಎಲೆಯ ಮೇಲೆ ಮೀನೂಟ ಮಾಡಿ, ನಾಲ್ಕೂವರೆಗೆ ರತ್ನಾ ಕೆಫೆಯ ಇಡ್ಲಿ ಮುಗಿಸಿ ನಡೆದುಕೊಂಡೇ ಮೈದಾನಕ್ಕೆ ಹೋಗಿ. ಪಂದ್ಯ ಏಳೂವರೆಗೆ, ನಡುವೆ ಮರೀನಾದಲ್ಲಿ ಮಾವಿನಕಾಯಿ, ತೆಂಗಿನಕಾಯಿ ಹಾಕಿದ ಬಟಾಣಿ ಸುಂಡಲ್‌ಗೆ ಸಮಯವಿರುತ್ತದೆ. ಚಿನ್ನಸ್ವಾಮಿಗೆ ಬರುವ ಚೆನ್ನೈನವರಿಗೆ ನಾನು ಹೇಳುವುದು: ಬೆಳಿಗ್ಗೆ ಬಸವನಗುಡಿಯಲ್ಲಿ ದೋಸೆ, ಆದರೆ ಎಂಟು ಗಂಟೆಯೊಳಗೆ ಹೋಗಿ, ಆಮೇಲೆ ಸಾಲು ಬೆಳೆಯುತ್ತದೆ. ಮಧ್ಯಾಹ್ನ ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ಸಾರು. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ಪಕ್ಕದವರು ಹೇಳಿಕೊಡುತ್ತಾರೆ. ಸಂಜೆ ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲಿನ ಮರಗಳ ಕೆಳಗೆ ಒಂದು ಕಾಫಿ ಕುಡಿದು, ಕಬ್ಬನ್ ಉದ್ಯಾನದ ಬದಿಯಿಂದ ನಡೆದು ಬನ್ನಿ. ಕಳೆದ ಸಲ ಬಂದಾಗ ಅಣ್ಣ ಇದೇ ಕ್ರಮದಲ್ಲಿ ತಿಂದರು, ಮುದ್ದೆಯನ್ನು ಎರಡನೆಯ ಸಲ ಹಾಕಿಸಿಕೊಂಡರು.